ಸಾಸವಡದ ತೋಟಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ನೀರು? ಲೆಕ್ಕ ಹಾಕುವುದು ಹೇಗೆ?

ಪುಣೆ_ತೋಟಿಗ:
ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರ ಸಾಸವಡ ಕಡೆ ನಮ್ಮದೊಂದು ಸಣ್ಣ ಜಾಗ ಇದೆ. 40 ಎಳೆ ಮಾವಿನ ಗಿಡ, ಒಂದೊಂದರ ಹರವು ಸುಮಾರು 2 ಮೀಟರ್. ಜಾಗದ ಮೇಲಿನ ಅರ್ಧ ಬರೀ ಮುರುಮ್ (ಜಲ್ಲಿಯಂಥ ಮಣ್ಣು), ಕೆಳಗಿನ ಅರ್ಧ ಎರೆಮಣ್ಣು. ಏಪ್ರಿಲ್ ಬಂತೆಂದರೆ ಟ್ಯಾಂಕರೇ ಗತಿ. ಗಿಡಕ್ಕೆ 5 ಲೀಟರ್ ಸಾಕು ಅಂತ ಒಬ್ಬರು, 50 ಬೇಕು ಅಂತ ಇನ್ನೊಬ್ಬರು. ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಾರೆ ಅನ್ನಿಸುತ್ತದೆ. ಇದರ ಮೇಲೆ ಮನೆಯವಳಿಗೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಲಾನ್ ಬೇರೆ ಬೇಕಂತೆ.

ಡೊಂಬಿವಲಿ_ಎಂಜಿನಿಯರ್:
ಸರ್, ಮೊದಲು ಗಿಡ ಬಿಡಿ, ಬಿಸಿಲು ಹಿಡಿಯಿರಿ. ಬಿಸಿಲು, ಗಾಳಿ, ಸೆಕೆ ಸೇರಿ ದಿನಕ್ಕೆ ಎಷ್ಟು ಮಿ.ಮೀ. ನೀರು ಎಳೆಯುತ್ತವೆ ಅನ್ನುವುದೇ ಮೂಲ ಅಂಕಿ. ಇದಕ್ಕೆ ಪೆನ್ಮನ್-ಮಾಂಟೀತ್ ಸೂತ್ರ ಇದೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 1998ರಲ್ಲಿ ತಂದ 56ನೇ ಕೈಪಿಡಿಯಲ್ಲಿ ಪೂರ್ತಿ ವಿವರ ಸಿಗುತ್ತದೆ. ನಿಮ್ಮ ಕಡೆ ಕಡು ಬೇಸಿಗೆಗೆ 6 ಮಿ.ಮೀ. ಹಿಡಿದರೆ ತಪ್ಪಾಗಲ್ಲ. ಅದನ್ನು ಬೆಳೆ ಗುಣಾಂಕದಿಂದ, ಅಂದರೆ ಆ ಮೂಲ ಅಂಕಿಯಲ್ಲಿ ಈ ಬೆಳೆಗೆ ಎಷ್ಟು ಪಾಲು ಬೇಕು ಅನ್ನುವ ಸಂಖ್ಯೆಯಿಂದ, ಗುಣಿಸಬೇಕು. ಮಾವಿಗೆ ಸುಮಾರು 0.7 ಇಟ್ಟುಕೊಳ್ಳಿ, 4.2 ಆಯಿತು. ಒಂದು ಚದರ ಮೀಟರಿಗೆ 1 ಮಿ.ಮೀ. ಅಂದರೆ ಸರಿಯಾಗಿ 1 ಲೀಟರ್. ನಿಮ್ಮ ಗಿಡದ ನೆರಳು 3.14 ಚದರ ಮೀಟರ್, ಹಾಗಾಗಿ 13 ಲೀಟರ್, ಡ್ರಿಪ್‌ನಲ್ಲಿ ಹೋಗುವ ಸೋರಿಕೆ ಸೇರಿಸಿ 15. ನಲವತ್ತಕ್ಕೆ 600. 10,000 ಲೀಟರಿನ ಟ್ಯಾಂಕರ್ 16 ದಿನ ಬರುತ್ತದೆ.

ಮಣ್ಣು ಈ 600ನ್ನು ಬದಲಿಸುವುದಿಲ್ಲ, ಎಷ್ಟು ದಿನಕ್ಕೊಮ್ಮೆ ಕೊಡಬೇಕು ಅನ್ನುವುದನ್ನು ಬದಲಿಸುತ್ತದೆ. ಎರೆಮಣ್ಣು ಒಂದು ಮೀಟರ್ ಆಳಕ್ಕೆ ಬೇರಿಗೆ ಸಿಗುವ ನೀರನ್ನು 150 ಮಿ.ಮೀ.ಗಿಂತ ಹೆಚ್ಚೇ ಹಿಡಿದಿಡುತ್ತದೆ, ಆದ್ದರಿಂದ ಅಲ್ಲಿ ವಾರಕ್ಕೊಮ್ಮೆ ನಿಧಾನವಾಗಿ ಬಿಟ್ಟರೆ ನಡೆಯುತ್ತದೆ. ಮುರುಮ್‌ನಲ್ಲಿ ಒಂದೇ ಸಲ ಸುರಿದರೆ ಕೆಳಗೆ ಇಳಿದು ಹೋಯಿತು ಅಂತಲೇ ಲೆಕ್ಕ. ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಕೊಡಿ.

ವಾಸ್ಕೋದಿಂದ:
ಒಂದು ಮಾತು ಸೇರಿಸುತ್ತೇನೆ. ವರ್ಷದ ಮಳೆ ನೋಡಿ ಲೆಕ್ಕ ಹಾಕಬೇಡಿ. ನಮ್ಮ ಗೋವಾದಲ್ಲಿ ಸುಮಾರು 3000 ಮಿ.ಮೀ. ಬೀಳುತ್ತದೆ, ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ, ಜಂಬಿಟ್ಟಿಗೆ ಮಣ್ಣಿನಲ್ಲಿ ಏನೂ ನಿಲ್ಲುವುದಿಲ್ಲ. ಅದಕ್ಕೇ ಫೋಂಡಾ ಕಡೆ ಅಡಿಕೆಯ ಕುಳಾಗರಗಳು (ಹಳೇ ಕಾಲದ ಮಿಶ್ರ ತೋಟಗಳು) ಹಳ್ಳದ ನೀರು ಸಿಗುವ ತಗ್ಗಿನಲ್ಲಿವೆ, ಗುಡ್ಡದ ಮೇಲೆ ಗೇರು. ಹಳಬರು ಜಾಗ ನೋಡಿಯೇ ಗಿಡ ಹಾಕಿದ್ದಾರೆ, ಅಲ್ವಾ? ನಿಮ್ಮ ಮುರುಮ್ ಕಡೆ ಇನ್ನು ಗಿಡ ಹಾಕುವುದಿದ್ದರೆ ಮುತ್ತುಗದಂಥವು ಹಾಕಿ. ಬೇರೂರುವ ತನಕ ನೀರು ಕೊಟ್ಟರೆ ಆಯಿತು.

ಪುಣೆ_ತೋಟಿಗ:
ಭಾರೀ ಉಪಕಾರ ಆಯಿತು. ಈ 6 ಮಿ.ಮೀ. ನಾನೇ ಅಳೆಯಬಹುದಾ? ಲಾನ್ ಬಗ್ಗೆ ಯಾರೂ ಹೇಳಲಿಲ್ಲ.

ಡೊಂಬಿವಲಿ_ಎಂಜಿನಿಯರ್:
ಅಳೆಯಬಹುದು. ಹವಾಮಾನ ಇಲಾಖೆಯವರು 120 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ಪ್ಯಾನ್ ಇಡುತ್ತಾರೆ. ನೀವು ಅಗಲ ಬಾಯಿಯ ಟಬ್ ಬಯಲಲ್ಲಿಟ್ಟು, ದಿನಾ ಬೆಳಿಗ್ಗೆ ನೀರು ಎಷ್ಟು ಮಿ.ಮೀ. ಇಳಿಯಿತು ನೋಡಿ, 0.7ರಿಂದ ಗುಣಿಸಿ, ಆ 6ರ ಜಾಗದ ಅಂಕಿ ಸಿಗುತ್ತದೆ (ಈ 0.7 ಪ್ಯಾನ್‌ನದು, ಮಾವಿನದು ಬೇರೆ). ಸಣ್ಣ ಟಬ್ ಬೇಗ ಕಾಯುವುದರಿಂದ ಅಂಕಿ ಸ್ವಲ್ಪ ಜಾಸ್ತಿಯೇ ಬರುತ್ತದೆ, ಅಂದಾಜಿಗೆ ಸಾಕು. ಮೇಲೆ ಜಾಳಿಗೆ ಹಾಕಿ, ಇಲ್ಲದಿದ್ದರೆ ಕಾಗೆ ಕುಡಿದದ್ದನ್ನೂ ಆವಿ ಅಂತ ಬರೆದುಕೊಳ್ಳುತ್ತೀರಿ.

ಲಾನ್: 100 ಚದರ ಮೀಟರ್, 6 ಮಿ.ಮೀ., ಗುಣಾಂಕ 0.8. ಅಲ್ಲಿಗೇ 480 ಲೀಟರ್. ಸ್ಪ್ರಿಂಕ್ಲರ್‌ನಲ್ಲಿ ಹಾರಿ ಹೋಗುವುದು ಸೇರಿದರೆ 600 ದಾಟುತ್ತದೆ. ನಿಮ್ಮ 40 ಮಾವಿಗೂ ಆ ಒಂದು ಲಾನಿಗೂ ಸರಿಸಮ. ಈ ಅಂಕಿ ಮನೆಯಲ್ಲಿ ತೋರಿಸಿ, ಮುಂದಿನದು ನಿಮಗೆ ಬಿಟ್ಟದ್ದು 😄