ಅಜ್ಜನ ಫಿಯೆಟ್ ಮೊದಲು ಸರಿಯಾಗಿ ನಿಲ್ಲಲಿ

ಬೆಳಗಾವಿಯ ನಮ್ಮ ‘ಟಿಳಕವಾಡಿ ಮನೆ’ ಚಾಟ್ ಗುಂಪು, ಭಾನುವಾರ ಬೆಳಿಗ್ಗೆ

ಪುಣೆ ಅಣ್ಣ: ಮೇಲೆ ಕಳಿಸಿದ ವಿಡಿಯೊ ಎಲ್ಲರೂ ಪೂರ್ತಿ ನೋಡಿ. ಹಳೆ ಫಿಯೆಟ್‌ಗೆ ಮಾರುತಿ ಜಿಪ್ಸಿ ಇಂಜಿನ್, ಐದು ಗೇರು, ಡಿಸ್ಕ್ ಬ್ರೇಕು, ಎ.ಸಿ. ಎಲ್ಲಾ ಕೂರಿಸಿದ್ದಾರೆ. ಅಜ್ಜನ ಗಾಡಿಗೂ ಹೀಗೇ ಮಾಡಿಸೋಣ. ಅರ್ಧ ಖರ್ಚು ನನ್ನದು.

ಕಾಕಾ: ನೋಡಿದೆ. ಬೇಡ.

ಪುಣೆ ಅಣ್ಣ: ಯಾಕೆ ಕಾಕಾ? ವರ್ಷಕ್ಕೆ ಹತ್ತು ಸಲವೂ ಅದು ಹೊರಗೆ ಬರುವುದಿಲ್ಲ. ನಿಂತು ನಿಂತು ಟೈರ್ ಬಿರುಕು ಬಿಟ್ಟಿವೆ. ಹೈವೇಗೆ ತಂದರೆ ಲಾರಿಯವರು ಹಿಂದಿನಿಂದ ಹಾರ್ನ್ ಹೊಡೆದು ಸಾಕು ಮಾಡುತ್ತಾರೆ. ಬೇಸಿಗೆಯಲ್ಲಿ ನನ್ನ ಮಕ್ಕಳು ಅದರೊಳಗೆ ಕೂರುವುದೇ ಇಲ್ಲ. ಸುಮ್ನೆ ಶೆಡ್ಡಿನಲ್ಲಿ ಇಟ್ಟು ಏನು ಮಾಡುತ್ತೀರಿ?

ಕಾಕಾ: ಅಪ್ಪ ಈ ಗಾಡಿ ತಂದದ್ದು 1968ರಲ್ಲಿ. ಬುಕ್ ಮಾಡಿ ವರ್ಷಗಟ್ಟಲೆ ಕಾದಿದ್ದರು. ಆಗ ನಮ್ಮದು ಇನ್ನೂ ಮೈಸೂರು ರಾಜ್ಯ. ಈ ಗಾಡಿಗೂ ಪದ್ಮಿನಿ ಅನ್ನುವ ಹೆಸರು ಇರಲಿಲ್ಲ, ಅದು 1974ರ ಮಾತು. ಫಿಯೆಟ್ 1100 ಡಿ ಅಂತಲೇ ಕಾಗದದಲ್ಲಿದೆ. ಮುಂಬೈ ಕುರ್ಲಾದ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು. ಒಂದು ಸ್ಕ್ರೂ ಕೂಡ ಬದಲಾಗಬಾರದು.

ಗೋಕಾಕ್ ಅತ್ತಿ: ಸ್ಟೀರಿಂಗ್ ಪಕ್ಕದ ಆ ಗೇರ್ ಕಡ್ಡಿ ಮಾತ್ರ ತೆಗೆಸಬೇಡ್ರಪ್ಪಾ. ಮುಂದೆ ಒಂದೇ ಉದ್ದನೆ ಸೀಟು. ಈ ಕಡೆ ಅಪ್ಪ, ಆ ಕಡೆ ಅವ್ವ, ನಡುವೆ ನಾನು. ಅಪ್ಪ ಗೇರ್ ಹಾಕಿದಾಗೆಲ್ಲ ಅವರ ಮೊಣಕೈ ನನ್ನ ಭುಜಕ್ಕೆ ತಾಗುತ್ತಿತ್ತು. ಗೇರು ಮೇಲಿದ್ದದ್ದಕ್ಕೇ ನನಗೆ ಅಲ್ಲಿ ಜಾಗ ಸಿಕ್ಕಿತ್ತು. ನೆಲಕ್ಕೆ ಕಡ್ಡಿ ನೆಟ್ಟರೆ ನಡುವೆ ಯಾವ ಮಗು ಕೂರುತ್ತದೆ?

ನಾನು: ಈಗ ಆ ಗಾಡಿ ಓಡಿಸುತ್ತಿರುವುದು ನಾನೊಬ್ಬಳೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಅಣ್ಣ, ನಮ್ಮ ಇಂಜಿನ್ 1089 ಸಿಸಿ. ಶಕ್ತಿ 40 ಎಚ್‌ಪಿ ಆಸುಪಾಸು. ಜಿಪ್ಸಿಯದು 80. ಅಷ್ಟು ಜೋರಿನ ಇಂಜಿನ್ ಹಾಕಿದರೆ ಬ್ರೇಕ್ ಬದಲಿಸಬೇಕು, ಸ್ಪ್ರಿಂಗ್ ಬದಲಿಸಬೇಕು, ಹಿಂದಿನ ಆ್ಯಕ್ಸಲ್ ಕೂಡ. ಗೇರ್‌ಬಾಕ್ಸ್ ಕೂರಿಸಲು ನೆಲವನ್ನು ಗ್ಯಾಸ್ ಕಟರ್‌ನಿಂದ ಕೊಯ್ಯಬೇಕು. ಕೊಯ್ದ ತಗಡನ್ನು ಆಮೇಲೆ ಯಾರು ಬೇಡಿಕೊಂಡರೂ ಮೊದಲಿನಂತೆ ಮಾಡಲು ಬರುವುದಿಲ್ಲ. ಅಜ್ಜನದು ಅಂತ ಉಳಿಯುವುದು ಹೊರಗಿನ ಕವಚ ಅಷ್ಟೇ. ಕಾನೂನೂ ಒಪ್ಪುವುದಿಲ್ಲ. ಕಂಪನಿ ಕೊಟ್ಟ ರೂಪ ಬದಲಾಗುವಂತೆ ಗಾಡಿ ತಿದ್ದಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಾಕಾ: ಅದನ್ನೇ ನಾನೂ ಹೇಳಿದ್ದು. 50 ವರ್ಷ ಯಾವಾಗಲೋ ದಾಟಿದೆ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿಬಿಡೋಣ. ಆಮೇಲೆ ಯಾರೂ ಮುಟ್ಟುವ ಹಾಗಿಲ್ಲ.

ನಾನು: ಕಾಕಾ, ಆ ನಿಯಮ 2021ರಲ್ಲಿ ಬಂತು. 20,000 ರೂಪಾಯಿ ಕಟ್ಟಿದರೆ 10 ವರ್ಷಕ್ಕೆ ಕೊಡುತ್ತಾರೆ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಆಮೇಲೆ ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಹಾಗಿಲ್ಲ. ಅಜ್ಜ ಒಂದು ವರ್ಷವೂ ತಪ್ಪಿಸದ ದಾರಿ ಅದು. ಅದು ನಿಲ್ಲುವುದು ನನಗೆ ಬೇಡ.

ಇನ್ನೊಂದು ವಿಷಯ. ಇದನ್ನು ಇಷ್ಟು ದಿನ ಮನೆಯಲ್ಲಿ ಹೇಳಿರಲಿಲ್ಲ. ಹೋದ ಸಲ ಕೊಲ್ಹಾಪುರಕ್ಕೆ ಹೊರಟಿದ್ದೆ. ವಂಟಮುರಿ ಘಾಟ್ ಇಳಿಯುವಾಗ ಬ್ರೇಕ್ ತುಳಿದೆ. ಪೆಡಲ್ ನೆಲಕ್ಕೆ ಹೋಗಿ ಕೂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್. ಮೂರರಿಂದ ಎರಡಕ್ಕೆ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಡಕ್ಕೆ ಮಣ್ಣಿಗೆ ಇಳಿಸಿ ನಿಲ್ಲಿಸಿದೆ. ಇಳಿದು ನೋಡಿದರೆ ಹಿಂದಿನ ಎಡಗಾಲಿಯ ಒಳಮೈ ಪೂರ್ತಿ ಒದ್ದೆ. ಬ್ರೇಕ್ ಆಯಿಲ್ ಟೈರಿನ ಮೇಲೆ ಗೆರೆಗೆರೆಯಾಗಿ ಇಳಿದಿತ್ತು. ನಮ್ಮ ಗಾಡಿಯಲ್ಲಿ ನಾಲ್ಕೂ ಗಾಲಿಗೆ ಒಂದೇ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋದವು.

ಗೋಕಾಕ್ ಅತ್ತಿ: ಅಯ್ಯೋ ತಂಗಿ, ಒಬ್ಬಳೇ ಇದ್ದೆಯಾ?

ನಾನು: ಪಕ್ಕದಲ್ಲಿ ಮಗ ಇದ್ದ ಅತ್ತಿ. ಬೆಲ್ಟ್ ಇಲ್ಲದ ಸೀಟಿನಲ್ಲಿ.

ಕಾಕಾ: ಅಪ್ಪ 30 ವರ್ಷ ಅದೇ ಬ್ರೇಕಿನಲ್ಲಿ ಓಡಿಸಿದರಲ್ಲ?

ನಾನು: ಓಡಿಸಿದರು. ಆಗ ಮುಂದಿದ್ದ ಲಾರಿಗೂ ಇಂಥದೇ ಬ್ರೇಕು. ಈಗ ಮುಂದಿನ ಕಾರಿಗೆ ಎಬಿಎಸ್ ಇದೆ, ಜೋರಾಗಿ ತುಳಿದರೂ ಗಾಲಿ ಲಾಕ್ ಆಗದ ಬ್ರೇಕು. ಅದು ನಿಂತಷ್ಟು ಬೇಗ ನಾವು ನಿಲ್ಲುವುದಿಲ್ಲ, ಅಲ್ವಾ? ಮತ್ತೆ ಕಾಕಾ, ಅಜ್ಜ ಏನೂ ಬದಲಿಸಲಿಲ್ಲ ಅನ್ನಬೇಡಿ. ಡೈನಮೋ ತೆಗೆಸಿ, ಇಂಜಿನ್ ನಿಧಾನ ಇದ್ದಾಗಲೂ ಸಾಕಷ್ಟು ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸಿದ್ದು ಅವರೇ. 1986ರ ಬಿಲ್ಲು ಗ್ಲೋವ್ ಬಾಕ್ಸಿನಲ್ಲಿದೆ. ಹಿಂದೆ ಅವರದೇ ಅಕ್ಷರದಲ್ಲಿ ‘ರಾತ್ರಿ ದೀಪ ಮಂಕಾಗುವುದಿಲ್ಲ’ ಅಂತ ಬರೆದಿದ್ದಾರೆ. ಫೋಟೊ ಕಳಿಸಿದ್ದೇನೆ, ನೋಡಿ.

(ಹತ್ತು ನಿಮಿಷ ಯಾರೂ ಬರೆಯಲಿಲ್ಲ.)

ಕಾಕಾ: ಅಪ್ಪನ ಅಕ್ಷರವೇ. ಈ ಬಿಲ್ಲು ನಾನು ನೋಡಿರಲಿಲ್ಲ. ನಿನಗೆ ಏನೇನು ಬೇಕು, ಹೇಳು.

ನಾನು: ಎರಡು ಭಾಗದ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಗಾಲಿಗಳಿಗೆ ತಳ್ಳುವ ಭಾಗ. ಮುಂದಿನ ಗಾಲಿಗೆ ಒಂದು ಲೈನು, ಹಿಂದಿನದಕ್ಕೆ ಇನ್ನೊಂದು. ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ. ಹಳೆ ಬೋಲ್ಟ್‌ಗಳ ಮೇಲೇ ಕೂರುವ ಹಾಗೆ ಪ್ಲೇಟ್ ಮಾಡಿಕೊಡುತ್ತೇವೆ ಅಂತ ಉದ್ಯಮಬಾಗದ ಲೇತ್ ವರ್ಕ್‌ಶಾಪಿನವರು ಹೇಳಿದ್ದಾರೆ. ಗಾಲಿಯ ಬ್ರೇಕ್ ಡ್ರಮ್‌ಗಳು ಹಾಗೇ ಇರುತ್ತವೆ.

ಆಮೇಲೆ ಪೆಟ್ರೋಲ್ ಪೈಪು. ಈಗ ಬಂಕಿನಲ್ಲಿ ಬರುವುದು ಇ20, ಅಂದರೆ ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲ್. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳೇ ಅದಕ್ಕೆ ಎಥೆನಾಲ್ ತೆಗೆಯುತ್ತವೆ. ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ. ನಿನ್ನೆ ಪೈಪನ್ನು ಬೆರಳಲ್ಲಿ ಒತ್ತಿದೆ, ಮೆತ್ತಗಾಗಿದೆ, ಕೈಗೆ ಮಸಿ ಹತ್ತಿತು. ಬಿಸಿ ಇಂಜಿನ್ ಮೇಲೆ ಒಂದು ಸಲ ಸೋರಿದರೆ ಗಾಡಿಯೇ ಇರುವುದಿಲ್ಲ. ಇಂಜಿನ್‌ಗೆ ಪೆಟ್ರೋಲ್ ಎತ್ತುವ ಪಂಪಿನ ಡಯಾಫ್ರಾಮ್, ಅಂದರೆ ಒಳಗಿನ ಪೊರೆ, ಅದನ್ನೂ ಬದಲಿಸಬೇಕು.

ಸೀಟ್ ಬೆಲ್ಟ್‌ಗೆ ಮಾತ್ರ ನೆಲದಲ್ಲಿ ತೂತು ಬೇಕಾಗುತ್ತದೆ. ಕೆಳಗೆ ದಪ್ಪ ಪ್ಲೇಟ್ ಕೊಟ್ಟು ಮಾಡಿಸುತ್ತೇನೆ. ಅದೊಂದಕ್ಕೆ ನೀವು ಒಪ್ಪಲೇಬೇಕು ಕಾಕಾ.

ಪುಣೆ ಅಣ್ಣ: ಮತ್ತೆ ಎ.ಸಿ.? ಮಕ್ಕಳು?

ನಾನು: ಅಣ್ಣ, 40 ಎಚ್‌ಪಿಯಲ್ಲಿ ಎ.ಸಿ.ಯೂ ಎಳೆದು ಘಾಟೂ ಹತ್ತಬೇಕೆಂದರೆ ಆ ಇಂಜಿನ್‌ಗೆ ತುಂಬಾ ಜಾಸ್ತಿ ಆಗುತ್ತದೆ. ಮುಂದಿನ ಬಾಗಿಲಿನ ತ್ರಿಕೋನ ಕಿಟಕಿ ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ಹೊರಡೋಣ. ಮಕ್ಕಳನ್ನು ನಾನು ಕರೆದುಕೊಂಡು ಹೋಗುತ್ತೇನೆ.

ಪುಣೆ ಅಣ್ಣ: ಬ್ರೇಕಿನ ಖರ್ಚು ಪೂರ್ತಿ ನನಗೆ ಬಿಡು. ನೀನು ಮೊದಲೇ ಹೇಳಬೇಕಿತ್ತು. ಇಂಜಿನ್ ಮಾತು ನಾನಿನ್ನೂ ಬಿಟ್ಟಿಲ್ಲ, ದೀಪಾವಳಿಗೆ ಬಂದಾಗ ಕೂತು ಮಾತಾಡೋಣ.

ಕಾಕಾ: ನಾಳೆ ಉದ್ಯಮಬಾಗಕ್ಕೆ ನಾನೂ ಬರುತ್ತೇನೆ. ಅಲ್ಲಿಯವರೆಗೆ ಗಾಡಿ ಹೊರಗೆ ತೆಗೆಯಬೇಡ, ಟೋ ಮಾಡಿಸೋಣ. ಬಿಚ್ಚಿದ ಸಿಲಿಂಡರ್, ಪೈಪು ಯಾವುದನ್ನೂ ಗುಜರಿಗೆ ಹಾಕಬಾರದು ಅಂತ ಅವರಿಗೆ ಹೇಳು. ಅಪ್ಪನ ಟ್ರಂಕ್ ಅಟ್ಟದ ಮೇಲಿದೆ, ಇಳಿಸಿ ಇಡುತ್ತೇನೆ.