ಕಿಸೆಗೆ ಹಿಡಿಯುವ ಲಾಂಗ್ ಜೂಮ್ ಕ್ಯಾಮೆರಾ: ಬಳಸಿದವರು ಅನುಭವ ಹೇಳಿ

ತೋಟದ_ಮೇಷ್ಟ್ರು, ಸಾಗರ
ಎಲ್ಲರಿಗೂ ನಮಸ್ಕಾರ. ನಿವೃತ್ತನಾದ ಮೇಲೆ ಹಕ್ಕಿ ನೋಡುವುದು ಹಚ್ಚಿಕೊಂಡಿದ್ದೇನೆ. ತೋಟದ ಅಂಚಿನ ಮರಗಳಿಗೆ ಮಂಗಟ್ಟೆ, ಕಾಜಾಣ, ರಾಜಹಕ್ಕಿ ಬರುತ್ತವೆ. ಮಳೆಗಾಲದಲ್ಲಿ ಮಂಡಗದ್ದೆ ಪಕ್ಷಿಧಾಮಕ್ಕೂ ಹೋಗುವುದುಂಟು. ಭುಜದ ನೋವಿನಿಂದ ಅರ್ಧ ಕೆಜಿಗಿಂತ ಹೆಚ್ಚು ಹೊರಲಾರೆ. ಓದಲಿಕ್ಕೆ ಚಾಳೀಸು ಬೇಕು. ಬಜೆಟ್ 40 ಸಾವಿರ. ಕ್ಯಾನನ್ ಎಸ್‌ಎಕ್ಸ್740 ಮನಸ್ಸಿನಲ್ಲಿದೆ, 40 ಪಟ್ಟು ಜೂಮ್ ಅಂತಾರೆ. ಬಳಸಿದವರು ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹೇಳಿ.

ಬೆಳ್ಳಕ್ಕಿ_ಮಂಡ್ಯ
ಸರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ. ನನ್ನ ಹತ್ತಿರ ಅದೇ ಇದೆ. 299 ಗ್ರಾಂ, ಪ್ಯಾಂಟಿನ ಕಿಸೆಯಲ್ಲಿ ಕೂರುತ್ತೆ. 35 ಎಂ.ಎಂ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 960 ಎಂ.ಎಂ. ವರೆಗೆ ಹೋಗುತ್ತೆ. ಅದರಲ್ಲಿ ಫ್ರೇಮಿಂಗ್ ಅಸಿಸ್ಟ್ ಅಂತ ಒಂದು ಗುಂಡಿ ಇದೆ. ಪೂರ್ತಿ ಜೂಮಲ್ಲಿ ಹಕ್ಕಿ ಕಣ್ತಪ್ಪಿದಾಗ ಒತ್ತಿ ಹಿಡಿದರೆ ಜೂಮ್ ಹಿಂದಕ್ಕೆ ಬರುತ್ತೆ, ಹಕ್ಕಿ ಮತ್ತೆ ಸಿಕ್ಕಿದ ಕೂಡಲೇ ಬಿಟ್ಟರೆ ಮೊದಲಿದ್ದ ಜಾಗಕ್ಕೇ ಹೋಗುತ್ತೆ. ಆ ಗುಂಡಿ ಇಲ್ಲದ ಕ್ಯಾಮೆರಾ ಹಿಡಿದವರು ಎಲೆ ಎಲೆ ಹುಡುಕುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತೆ.

ಖರ್ಚು ಹೇಳಿಬಿಡ್ತೀನಿ. ಕ್ಯಾಮೆರಾ 33,500. ಒಂದೇ ಬ್ಯಾಟರಿ ಸಾಲಲ್ಲ, ಕಂಪನಿ ಲೆಕ್ಕದಲ್ಲೇ 265 ಫೋಟೋ, ಜೂಮ್ ಆಡಿಸ್ತಾ ಇದ್ರೆ ಅದೂ ಬರಲ್ಲ. ಇನ್ನೊಂದು ಬ್ಯಾಟರಿಗೆ 3,200. ಕಾರ್ಡಿಗೆ 900, ಚೀಲಕ್ಕೆ 450. ಒಟ್ಟು 38,050.

ಇನ್ನೊಂದು ಲಾಭ ಯಾರೂ ಹೇಳಲ್ಲ. ಲೆನ್ಸ್ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುವ ಪಕ್ಷಿಧಾಮಗಳಲ್ಲಿ ಲೆನ್ಸಿನ ಸುತ್ತ ಬರೆದಿರೋದನ್ನ ತೋರಿಸಿ. ಅಲ್ಲಿರೋದು ಗಾಜಿನ ನಿಜವಾದ ಉದ್ದ, 4.3–172 ಎಂ.ಎಂ. ಅಷ್ಟೇ. ದೊಡ್ಡ ಲೆನ್ಸಿನವರು ರಸೀದಿ ಹಿಡ್ಕೊಂಡು ಗೊಣಗ್ತಿರ್ತಾರೆ, ನಾನು ಚಿಕ್ಕ ಲೆನ್ಸಿನ ದರ ಕೊಟ್ಟು ದೋಣಿ ಹತ್ತಿರ್ತೀನಿ.

ಹುಬ್ಬಳ್ಳಿ_ಹುಲಿ
ಮೇಷ್ಟ್ರ, ಕಣ್ಣು ಮುಚ್ಚಿ ತಗೋಬ್ಯಾಡ್ರಿ, ಕಣ್ಣು ತೆರದ ನೋಡ್ರಿ. ಕಂಪನಿ ಹೆಸರು ಹೇಳಂಗಿಲ್ಲ. ನನ್ನದೂ ಕಿಸೆ ಜೂಮೇ, 30 ಪಟ್ಟಿಂದು. ವಾರಂಟಿ ಮುಗಿದ ಮರು ತಿಂಗಳ ಆಕಾಶದ ಫೋಟೋದಾಗ ಮೂರು ಕರೇ ಚುಕ್ಕಿ ಕಾಣಾಕ ಹತ್ತಿದ್ವು. ಪೂರ್ತಿ ಜೂಮ್ ಮಾಡಿದ್ರ ಇನ್ನೂ ಎದ್ದು ಕಾಣ್ತಾವ. ಈ ಕ್ಯಾಮೆರಾದ ಲೆನ್ಸ್ ಹೊರಗ ಬರೂ ಮುಂದ ಗಾಳಿ ಒಳಗ ಎಳೀತೈತಿ, ಗಾಳಿ ಜೋಡಿ ಧೂಳೂ ಹೋಗ್ತೈತಿ. ಲೆನ್ಸ್ ಬಿಚ್ಚೂ ಕ್ಯಾಮೆರಾ ಆಗಿದ್ರ ಬ್ಲೋವರ್ ಹಿಡದು ಊದಿ ಹಾಕ್ಕಿದ್ದೆ. ಇದನ್ನ ಇಡೀ ಬಿಚ್ಚಬೇಕು.

ಸರ್ವಿಸ್ ಸೆಂಟರ್‌ನವರು ನೋಡೂದಕ್ಕ 590 ತಗೊಂಡ್ರು. ಆಮ್ಯಾಲ ಎಸ್ಟಿಮೇಟ್ ಕೊಟ್ರು: ಲೆನ್ಸ್ ಯೂನಿಟ್ ಪೂರ್ತಿ ಬದಲಿ 11,800, ಕೂಲಿ 2,400, ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ. ಕೂಡಿಸಿದ್ರ 16,756. ಬರೇ ಸ್ವಚ್ಛ ಮಾಡ್ರಿ ಅಂದ್ರ ಹಂಗ ಮಾಡಾಕ ಬರಂಗಿಲ್ಲ ಅಂದ್ರು. ಬ್ಯಾಡ ಅಂತ ವಾಪಸ್ ಕೇಳಿದ್ರ, ಬಿಚ್ಚಿ ನೋಡಿದ್ದಕ್ಕ ಮತ್ತ 800. ಕೊರಿಯರ್ ನಂದ. ಕೈಗೆ ಬಂದಾಗ ಚುಕ್ಕಿ ನಾಕಾಗಿದ್ವು! ನಮ್ಮ ಕಡೆ ಬ್ಯಾಸಗಿ ಧೂಳು ಹೆಂಗಿರತೈತಿ ಅಂತ ನಿಮಗ ಗೊತ್ತದ.

ಬೆಳ್ಳಕ್ಕಿ_ಮಂಡ್ಯ
ಅಣ್ಣ, ನನ್ನದರಲ್ಲಿ ಒಂದು ಚುಕ್ಕಿಯೂ ಇಲ್ಲ. ಕಿಸೆಯೊಳಗೆ ಬರಿದೇ ಹಾಕಿದರೆ ಧೂಳು ಹೋಗದೆ ಇನ್ನೇನಾಗುತ್ತೆ? ಚೀಲಕ್ಕೆ 450 ಅಂತ ಅದಕ್ಕೇ ಬರೆದಿದ್ದು.

ಹುಬ್ಬಳ್ಳಿ_ಹುಲಿ
ನಂದೂ ಚೀಲದಾಗ ಇತ್ತು. ಮೊದಲ ಕೇಳ್ರಿ, ಆಮ್ಯಾಲ ಹೇಳ್ರಿ.

ಒಂದಿಂಚು
ಇಲ್ಲಿ ಎಲ್ಲರೂ ಜೂಮ್ ಎಷ್ಟು ಪಟ್ಟು ಅಂತ ಎಣಿಸುತ್ತಿದ್ದೀರಿ, ಬೆಳಕಿನ ಮಾತನ್ನು ಯಾರೂ ಎತ್ತಲಿಲ್ಲ. 1/2.3 ಇಂಚಿನ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಅಂದರೆ ಸುಮಾರು 28 ಚದರ ಮಿಲಿಮೀಟರ್. ಒಂದು ಇಂಚಿನದು ಅಂತ ಕರೆಯುವ ಸೆನ್ಸರ್ 116. ನಾಲ್ಕು ಪಟ್ಟು. ಎಸ್‌ಎಕ್ಸ್740 ಪೂರ್ತಿ ಜೂಮಿನಲ್ಲಿ ಎಫ್ 6.9ಕ್ಕೆ ಇಳಿಯುತ್ತದೆ. ಈ ಎಫ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ. 172ನ್ನು 6.9ರಿಂದ ಭಾಗಿಸಿ, ಬೆಳಕು ಒಳಗೆ ಬರುವ ಕಿಂಡಿ 25 ಎಂ.ಎಂ. ಮಲೆನಾಡಿನಲ್ಲಿ, ಮರದ ನೆರಳಿನಲ್ಲಿ, ಬೆಳಗ್ಗೆ ಆರೂವರೆಗೆ ಈ ಕಿಂಡಿಯಿಂದ ಏನು ಬರುತ್ತದೆ? ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600ಕ್ಕೆ ಏರಿ, ಗರಿಯ ಎಳೆ ಎಲ್ಲ ಮೇಣ ಮೆತ್ತಿದ ಹಾಗೆ ಆಗುತ್ತದೆ. ರಾ ಫೈಲ್ (ಕ್ಯಾಮೆರಾ ಕೈಯಾಡಿಸದ ಮೂಲ ಫೈಲ್) ಕೂಡ ಇಲ್ಲ, ಆಮೇಲೆ ಸರಿಮಾಡೋಣ ಅಂದರೆ ದಾರಿಯೇ ಇಲ್ಲ.

ನಾನು ಸೋನಿ ಆರ್‌ಎಕ್ಸ್10 ಮಾರ್ಕ್ 4 ಸೆಕೆಂಡ್ ಹ್ಯಾಂಡ್ ತಗೊಂಡೆ. 78,000. ಮಾರುವವರು ಹೈದರಾಬಾದಿನಲ್ಲಿದ್ದರು, ನೋಡಿಯೇ ಕೊಡುತ್ತೇನೆ ಅಂತ ಹೋದೆ. ರೈಲಿಗೆ, ಊಟಕ್ಕೆ 2,600. ತಂದ ಮೇಲೆ ಹುಡ್, ಫಿಲ್ಟರ್, ಎರಡು ಬ್ಯಾಟರಿ ಸೇರಿ 7,900. 24–600 ಎಂ.ಎಂ., ಎಫ್ 2.4–4, ಸೆಕೆಂಡಿಗೆ 24 ಫ್ರೇಮ್. ಮಿಂಚುಳ್ಳಿ ನೀರಿಗೆ ಬೀಳುವುದನ್ನು ಹಿಡಿದಿದ್ದೇನೆ, ಕೊಕ್ಕಿನ ತುದಿಯ ಹನಿ ಎಣಿಸಬಹುದು. 2017ರಲ್ಲಿ ಬಂದ ಕ್ಯಾಮೆರಾ, ಇವತ್ತಿಗೂ ಅದರ ಸಮಕ್ಕೆ ಬರುವ ಒಂದಿಂಚಿನ ಜೂಮ್ ಯಾರೂ ಮಾಡಿಲ್ಲ.

ಚಂದ್ರಶಿಕಾರಿ
ಮೇಷ್ಟ್ರು ಅರ್ಧ ಕೆಜಿ ಅಂದಿದ್ದಾರೆ, ನೀವು 1,095 ಗ್ರಾಂ ಕಲ್ಲು ಹೊರಿಸುತ್ತಿದ್ದೀರಿ. ಬೆಳಕಿನ ಲೆಕ್ಕ ಶುರುಮಾಡಿದ್ದೀರಿ, ಪೂರ್ತಿ ಮಾಡಿ. ನನ್ನ ನಿಕಾನ್ ಪಿ900 ಲೆನ್ಸ್ 4.3–357 ಎಂ.ಎಂ. 357 ಭಾಗಿಸು 6.5, ಕಿಂಡಿ 55 ಎಂ.ಎಂ. ನಿಮ್ಮ ಆರ್‌ಎಕ್ಸ್10ರ ನಿಜವಾದ ಉದ್ದ 220. ಭಾಗಿಸು 4, ಅದೂ 55! ದೂರದ ಹಕ್ಕಿಯಿಂದ ಬರುವ ಬೆಳಕು ಎರಡಕ್ಕೂ ಒಂದೇ. ನಾನು 2000 ಎಂ.ಎಂ.ನಲ್ಲಿ 16 ಮೆಗಾಪಿಕ್ಸೆಲ್ ತೆಗೆಯುತ್ತೇನೆ. ನೀವು 600ರಲ್ಲಿ ತೆಗೆದು ಅಷ್ಟೇ ಹತ್ತಿರಕ್ಕೆ ಕ್ರಾಪ್ ಮಾಡಿದರೆ 20 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು 1.8.

ಚಂದ್ರನ ಕುಳಿಗಳನ್ನು ಟ್ರೈಪಾಡ್ ಇಲ್ಲದೆ ತೆಗೆದಿದ್ದೇನೆ. ಶನಿಯ ಬಳೆ ಮಕ್ಕಳಿಗೆ ಪರದೆಯ ಮೇಲೆ ತೋರಿಸಿದ್ದೇನೆ. 2015ರ ಕ್ಯಾಮೆರಾ, ಇನ್ನೂ ಗಟ್ಟಿಯಾಗಿದೆ.

ಒಂದಿಂಚು
ಭಾಗಾಕಾರ ಸರಿ, ತೀರ್ಮಾನ ತಪ್ಪು. 1/2.3 ಸೆನ್ಸರಿನಲ್ಲಿ ಎಫ್ 6.5 ಅಂದರೆ ಬೆಳಕು ಅಂಚಿನಲ್ಲಿ ಹರಡಿಕೊಂಡೇ ಬೀಳುತ್ತದೆ, ಆ 16 ಮೆಗಾಪಿಕ್ಸೆಲ್ಲಿನಲ್ಲಿ ವಿವರ ಅಷ್ಟಿರುವುದಿಲ್ಲ. ಮೇಲಾಗಿ ಹತ್ತು ಗಂಟೆಯ ನಂತರ ನೀರಿನ ಮೇಲೆ, ಗದ್ದೆಯ ಮೇಲೆ ಕಾದ ಗಾಳಿ ಕುಣಿಯುತ್ತಿರುತ್ತದೆ. ಅದರ ಆಚೆ 2000 ಎಂ.ಎಂ. ಇಟ್ಟರೆ ಬರುವುದು ನಡುಗುವ ಹಕ್ಕಿ. ಯಾವ ಕಂಪನಿಯ ಸ್ಟೆಬಿಲೈಸರ್ ಕೂಡ ಗಾಳಿಯನ್ನು ನಿಲ್ಲಿಸುವುದಿಲ್ಲ. ಇನ್ನು ಹಾರುವ ಹಕ್ಕಿ? ಪಿ900 ಫೋಕಸ್ ಹುಡುಕುವಷ್ಟರಲ್ಲಿ ಅದು ಪಕ್ಕದ ಜಿಲ್ಲೆಯಲ್ಲಿರುತ್ತದೆ.

ಚಂದ್ರಶಿಕಾರಿ
ಕೂತ ಹಕ್ಕಿಯನ್ನು ಅದರ ಪಾಡಿಗೆ ಬಿಟ್ಟು ದೂರದಿಂದ ತೆಗೆಯುವುದೇ ನನ್ನ ಪದ್ಧತಿ. ಜೂಮ್ ಕಡಿಮೆ ಇರುವವರೇ ಹತ್ತಿರ ಹತ್ತಿರ ಹೋಗುವುದು. ಮಂಗಟ್ಟೆ ಗೂಡಿನ ಕಾಲದಲ್ಲಿ ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕೂತಿರುತ್ತದೆ. ಮರದ ಬುಡದಲ್ಲಿ ಜನ ಕಂಡರೆ ಗಂಡು ಹಣ್ಣು ಕೊಡಲು ಬರುವುದೇ ಇಲ್ಲ. ಆ ತಾಯಿ, ಮರಿಗಳು ಉಪವಾಸ. ದಾಂಡೇಲಿ ಕಡೆ ಮರದ ಕೆಳಗೇ ಸ್ಟೂಲ್ ಹಾಕಿ ಕೂತವರನ್ನು ನೋಡಿದ್ದೇನೆ, ಕೈಯಲ್ಲಿ ಲಕ್ಷಾಂತರ ರೂಪಾಯಿಯ ಲೆನ್ಸು.

ಒಂದಿಂಚು
ನಾನು ಗೂಡಿನ ಫೋಟೋ ತೆಗೆಯುವುದೇ ಇಲ್ಲ. ಯಾರೋ ಮಾಡಿದ್ದನ್ನು ನನ್ನ ತಲೆಗೆ ಕಟ್ಟಬೇಡಿ.

ಕಡಲಕೆರೆ
ಇಬ್ಬರೂ ಸ್ವಲ್ಪ ತಡೀರಿ ಮಾರಾಯ್ರೆ. ಮೇಷ್ಟ್ರು ಮಂಡಗದ್ದೆ ಅಂದಿದ್ದಾರೆ. ಅಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವುದು ಮಳೆಗಾಲದಲ್ಲಿ, ತುಂಗೆ ತುಂಬಿ ಹರಿಯುವಾಗ. ಮಳೆಯಲ್ಲಿ ಯಾವ ಕ್ಯಾಮೆರಾ ತೆಗೆಯುತ್ತೀರಿ ಅಂತ ಯಾರಾದರೂ ಕೇಳಿದಿರಾ?

ನಾನು ಕುಂದಾಪುರದವಳು, ಯಕ್ಷಗಾನ ಮೇಳದ ಫೋಟೋ ತೆಗೆಯುತ್ತೇನೆ. ಹಿಂದಿನ ಕಿಸೆ ಜೂಮಿಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಬಂತು. ಲೆನ್ಸಿನ ಒಳಗಡೆ ಜೇಡರ ಬಲೆಯ ಎಳೆ ಎಳೆ. ಉಡುಪಿಯಲ್ಲಿ ಒಬ್ಬರು ಬಿಚ್ಚಿ ಒರೆಸಿದರು, 3,500 ತಗೊಂಡರು, ಆಮೇಲೆ ಒಂದು ಬದಿ ಫೋಕಸ್ಸೇ ಕೂರಲಿಲ್ಲ. ಸರಿ ಮಾಡಿ ಅಂದದ್ದಕ್ಕೆ ಇನ್ನೂ 2,000 ಕೇಳಿದರು. ಅದೇ ಕೊನೆ.

ಈಗ ಪ್ಯಾನಸೋನಿಕ್ ಎಫ್‌ಝಡ್300. 25–600 ಎಂ.ಎಂ. ಪೂರ್ತಿ ಎಫ್ 2.8! ಜೂಮ್ ಮಾಡಿದ ಹಾಗೆ ಕತ್ತಲಾಗುವ ಕತೆಯೇ ಇಲ್ಲ. ಧೂಳಿಗೂ ಮಳೆ ಹನಿಗೂ ತಡೆ ಇದೆ. ತೂಕ 691 ಗ್ರಾಂ, ಅದು ಮಾತ್ರ ಮೇಷ್ಟ್ರಿಗೆ ಹೆಚ್ಚಾದೀತು. ಪಡುವಲಪಾಯದ (ನಮ್ಮ ಕರಾವಳಿ ಯಕ್ಷಗಾನದ) ಆಟದಲ್ಲಿ ಧೀಂಗಿಣ (ಗಿರಕಿ ಕುಣಿತ) ಹೊಡೆಯುವಾಗ ಶಟರ್ ಸೆಕೆಂಡಿನ 500ನೇ ಒಂದಕ್ಕೆ ಇಡಬಹುದು, ಎಫ್ 6.9 ಇಟ್ಟುಕೊಂಡು ಅದು ಸಾಧ್ಯವೇ? ಮಳೆಗಾಲಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ 380, ನೀಲಿ ಸಿಲಿಕಾ ಜೆಲ್ ಅರ್ಧ ಕೆಜಿ 260. ನೀಲಿ ಹೋಗಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆ ಬೇಡ, ಅದಕ್ಕೇ ಬೇರೆ ಇಡಿ.

ಟೆಕ್_ಬಸವನಗುಡಿ
2025ನೇ ಇಸವಿಯೂ ಕಳೆಯಿತು, ಇನ್ನೂ 1/2.3 ಸೆನ್ಸರಿಗೆ 40 ಸಾವಿರ ಸುರಿಯೋದಾ? ನನ್ನ ಫೋನಲ್ಲೇ 100 ಪಟ್ಟು ಇದೆ. ಕ್ಯಾಮೆರಾ ಮಾರಿಬಿಟ್ಟೆ, ಒಂದು ದಿನವೂ ಬೇಕು ಅನ್ನಿಸಿಲ್ಲ.

ಬೆಳ್ಳಕ್ಕಿ_ಮಂಡ್ಯ
100 ಪಟ್ಟಲ್ಲಿ ಗಾಜು ಮಾಡೋದು ಎಷ್ಟು, ಸಾಫ್ಟ್‌ವೇರ್ ಮಾಡೋದು ಎಷ್ಟು? ಗಾಜಿನ ಲೆಕ್ಕದಲ್ಲಿ ಒಳ್ಳೇ ಫೋನೂ 230 ಎಂ.ಎಂ. ಆಚೀಚೆ ನಿಲ್ಲುತ್ತೆ, ಉಳಿದಿದ್ದು ಹಿಗ್ಗಿಸಿ ತೇಪೆ ಹಾಕಿದ್ದು. ನಿಮ್ಮ ಫೋನು ಚಮಚ ಕೊಕ್ಕಿನ ಕೊಕ್ಕರೆಗೆ ಗರಿ ಬಿಡಿಸಿ ಕೊಡುತ್ತೆ, ಅದು ಆ ಹಕ್ಕಿಯ ಗರಿ ಅಲ್ಲ.

ಟೆಕ್_ಬಸವನಗುಡಿ
ವಾಟ್ಸಾಪಲ್ಲಿ ಕಳಿಸಿದ ಮೇಲೆ ಯಾರಿಗೆ ಗೊತ್ತಾಗುತ್ತೆ?

ಚಂದ್ರಶಿಕಾರಿ
ನನಗೆ ಗೊತ್ತಾಗುತ್ತೆ. ಇಲ್ಲಿ ಇರುವ ಎಲ್ಲರಿಗೂ ಗೊತ್ತಾಗುತ್ತೆ. ಯಾವ ಹಕ್ಕಿ ಅಂತ ಗುರುತಿಸಲಿಕ್ಕೆ ಹಾಕಿದ ಫೋಟೋದಲ್ಲಿ ಇಲ್ಲದ ಗೆರೆ ಮೂಡಿದರೆ ಜಾತಿಯೇ ಬದಲಾಗಿಬಿಡುತ್ತದೆ.

ತೋಟದ_ಮೇಷ್ಟ್ರು, ಸಾಗರ
ಎಲ್ಲರಿಗೂ ಧನ್ಯವಾದ. ಅಂಗಡಿಯಲ್ಲಿ ಎಸ್‌ಎಕ್ಸ್740 ಕೈಗೆ ಕೊಟ್ಟಿದ್ದರು. ಕಣ್ಣಿಗಿಟ್ಟು ನೋಡುವ ಕಿಂಡಿ ಅದರಲ್ಲಿಲ್ಲ. ಅಂಗಡಿ ಬಾಗಿಲ ಬಿಸಿಲಿನಲ್ಲಿ ಪರದೆ ಕಾಣಲಿಲ್ಲ, ಚಾಳೀಸು ಹಾಕಿದರೆ ಪರದೆ ಕಂಡಿತು, ಎದುರಿನ ಮರ ಮಸುಕಾಯಿತು. ಇದಕ್ಕೆ ಏನು ಮಾಡುತ್ತೀರಿ?

ಬೆಳ್ಳಕ್ಕಿ_ಮಂಡ್ಯ
ಅಭ್ಯಾಸ ಆಗುತ್ತೆ ಸರ್. ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಕ್ಯಾಮೆರಾವನ್ನು ಮುಂದಕ್ಕೆ ಬಿಗಿಯಾಗಿ ಎಳೆದು ಹಿಡೀರಿ, ಕೈ ನಡುಗಲ್ಲ.

ಮರೆಯ_ಮಂಗಟ್ಟೆ
ಅವರು ಕೇಳಿದ್ದು ಕಣ್ಣಿನ ವಿಚಾರ, ನೀವು ಕೈಯ ವಿಚಾರ ಹೇಳಿದಿರಿ. ಮೇಷ್ಟ್ರೇ, ಸೋನಿ ಎಚ್‌ಎಕ್ಸ್99 ಸಿಕ್ಕರೆ ನೋಡಿ. 242 ಗ್ರಾಂ, 24–720 ಎಂ.ಎಂ. ಮೂಲೆಯಿಂದ ಮೇಲೆದ್ದು ಬರುವ ಪುಟ್ಟ ವ್ಯೂಫೈಂಡರ್ ಇದೆ, ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಂಡರೆ ಚಾಳೀಸಿನ ಹಂಗಿಲ್ಲ. ರಾ ಕೂಡ ತೆಗೆಯುತ್ತದೆ. ಕ್ಯಾನನ್ನಿನ 960ಕ್ಕೆ ಹೋಲಿಸಿದರೆ ಜೂಮ್ ಕಡಿಮೆ, ವ್ಯೂಫೈಂಡರ್ ಕಿಂಡಿ ತುಂಬಾ ಚಿಕ್ಕದು, ಕತ್ತಲಲ್ಲಿ ಎರಡೂ ಒಂದೇ. ನನ್ನ ತಂದೆಗೆ ಅದನ್ನೇ ಕೊಡಿಸಿದ್ದು, ಗಾಂಧಿ ಬಜಾರಿನ ಮರಗಳಲ್ಲಿ ಕೂತ ಹದ್ದನ್ನು ಮಹಡಿಯಿಂದಲೇ ತೆಗೆಯುತ್ತಾರೆ. ಬೆಳ್ಳಕ್ಕಿಗಳನ್ನು ತೆಗೆಯುವಾಗ ಎಕ್ಸ್‌ಪೋಶರ್ ಒಂದೆರಡು ಮೆಟ್ಟಿಲು ಕೆಳಗಿಡಿ, ಇಲ್ಲದಿದ್ದರೆ ಬಿಳಿ ಗರಿ ಸುಟ್ಟುಹೋಗುತ್ತದೆ.

ಚಂದ್ರಶಿಕಾರಿ
ಶುಲ್ಕದ ಮಾತು ಬಂದಿತ್ತಲ್ಲ, ಮಂಡ್ಯದವರೇ, ನಿಮಗೆ ಚಿಕ್ಕ ದರ ಹಾಕಿದ್ದು ಕೌಂಟರಿನವರ ಮನಸ್ಸು. ನನಗೆ ಒಂದು ಕಡೆ ಪೆಟ್ಟಿಗೆಯ ಮೇಲಿನ 2000 ಎಂ.ಎಂ. ನೋಡಿಕೊಂಡು ಅತಿ ದೊಡ್ಡ ಲೆನ್ಸಿನ ದರ ಹಾಕಿದರು. ಲೆನ್ಸಿನ ಮೇಲೆ 357 ಅಂತ ಬರೆದಿದೆ ನೋಡಿ ಅಂದೆ. ಹಿಂದೆ ಸಾಲಿನಲ್ಲಿದ್ದವರು ಗದ್ದಲ ಮಾಡಿದರು, ಕೊಟ್ಟು ಬಂದೆ.

ಒಂದಿಂಚು
2000 ಎಂ.ಎಂ. ಅಂತ ಇಲ್ಲಿ ಹೆಮ್ಮೆಪಡುವುದು, ಕೌಂಟರಿನಲ್ಲಿ 357 ಅನ್ನುವುದು. ಎರಡರಲ್ಲಿ ಒಂದಕ್ಕೆ ನಿಲ್ಲಿ.

ಚಂದ್ರಶಿಕಾರಿ
ಎರಡೂ ಸತ್ಯ. ಒಂದು ನೋಟದ ಕೋನ, ಒಂದು ಗಾಜಿನ ಉದ್ದ. ಶುಲ್ಕ ಯಾವುದಕ್ಕೆ ಅಂತ ಫಲಕದಲ್ಲಿ ಬರೆಯಬೇಕಾದವರು ಅವರು.

ತೋಟದ_ಮೇಷ್ಟ್ರು, ಸಾಗರ
ಎಚ್‌ಎಕ್ಸ್99 ವಿಚಾರಿಸುತ್ತೇನೆ. ಬ್ಯಾಟರಿ ಶಿವಮೊಗ್ಗದಲ್ಲಿ ಸಿಗುತ್ತದೆಯೇ, ಬೇರೆ ಕಂಪನಿಯದು ಹಾಕಬಹುದೇ?

ಹುಬ್ಬಳ್ಳಿ_ಹುಲಿ
ಬ್ಯಾರೇ ಕಂಪನಿದ ಹಾಕಬ್ಯಾಡ್ರಿ. 650 ಕೊಟ್ಟ ತಂದದ್ದು ಉಬ್ಬಿ ಒಳಗ ಸಿಕ್ಕೊಂಡ ಬಿಡ್ತು. ಚಿಮಟ ಹಾಕಿ ಎಳದ್ವಿ, ಬ್ಯಾಟರಿ ಬಾಗಿಲದ ಕೊಂಡಿ ಮುರೀತು. ಬಾಗಿಲಕ್ಕ 1,150.

ಕಡಲಕೆರೆ
ನಾನು ಬೇರೆ ಕಂಪನಿಯದ್ದೇ ಹಾಕುವುದು, ಇಡೀ ತಿರುಗಾಟಕ್ಕೆ ಅದರಲ್ಲೇ ಕೆಲಸ ನಡೆದಿದೆ. ರಾತ್ರಿಯಿಡೀ ಚಾರ್ಜರಿನಲ್ಲಿ ಬಿಟ್ಟರೆ ಯಾವುದಾದರೂ ಉಬ್ಬೀತು.

ಹುಬ್ಬಳ್ಳಿ_ಹುಲಿ
ರಾತ್ರಿ ಯಾರು ಬಿಟ್ಟಿದ್ರು ಅಂತ ಹೇಳಿದ್ಯಾರ ನಿಮಗ?