ಮಾತ್ರೆ ನಿಲ್ಲಿಸಿದವರನ್ನು ‘ಡಿಫಾಲ್ಟರ್’ ಎಂದು ಕರೆಯಬಹುದೇ?

ಪ್ರಶ್ನೆ: ತೋಟದೂರಿನ ಆಶಾ

ನಾನು ಸಕಲೇಶಪುರ ಕಡೆಯ ಆಶಾ ಕಾರ್ಯಕರ್ತೆ. ನನ್ನ ಪಟ್ಟಿಯಲ್ಲಿದ್ದ ಕೂಲಿ ಹೆಂಗಸೊಬ್ಬರು ಮೂರನೇ ತಿಂಗಳಲ್ಲಿ ಕ್ಷಯದ ಮಾತ್ರೆ ನಿಲ್ಲಿಸಿದರು. ಜ್ವರ, ಕೆಮ್ಮು ಹೋಗಿದ್ದವು. ಕಾಫಿ ಕೊಯ್ಲು ಶುರುವಾಗಿತ್ತು. ದೂರದ ತೋಟಕ್ಕೆ ಹೊರಟುಹೋದರು. ಹುಡುಕಿ ಆರೋಗ್ಯ ಕೇಂದ್ರಕ್ಕೆ ಕರೆತಂದೆ. ಕಫದ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದವರನ್ನು ಕಂಡು ಸಿಬ್ಬಂದಿಯೊಬ್ಬರು ಎಲ್ಲರೆದುರು, ‘ಬಂದರು ನೋಡಿ, ಡಿಫಾಲ್ಟರ್’ ಎಂದರು. ಆಕೆ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಟೇಬಿಟ್ಟರು. ಬ್ಯಾಂಕಿನ ಸಾಲ ಕಟ್ಟದವರಿಗೆ ಅನ್ನುವ ಮಾತು ಅದು. ಈಕೆ ಯಾರಿಗೆ ಏನು ಬಾಕಿ ಇಟ್ಟಿದ್ದರು?

ಅಲ್ಲೇ ಗೋಡೆಯ ಮೇಲೆ ‘ಟಿಬಿ ಸೋಲಿಸಿ, ದೇಶ ಗೆಲ್ಲಿಸಿ’ ಎಂದು ಬರೆದಿದೆ. ಹಾಗಾದರೆ ಮಾತ್ರೆ ತಪ್ಪಿಸಿದವರು ದೇಶವನ್ನೇ ಸೋಲಿಸಿದವರೇ? ನಮ್ಮೂರ ಗೋಡೆಗೆ ಹೊಸ ಬರಹ ಬೇಕೆಂದು ಪಂಚಾಯಿತಿಯವರು ನನ್ನನ್ನು ಕೇಳಿದ್ದಾರೆ. ಏನು ಬರೆಸಲಿ?

ಉತ್ತರ: ನಿವೃತ್ತ ಆರೋಗ್ಯ ಮೇಲ್ವಿಚಾರಕ

ಆ ಪದವನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಕೈಬಿಟ್ಟಿದೆಯಮ್ಮಾ. ‘ಟಿಬಿ ಸಸ್ಪೆಕ್ಟ್’, ಅಂದರೆ ಶಂಕಿತ, ಎನ್ನುವುದೂ ಆಗಲೇ ಹೋಯಿತು. ಅದಂತೂ ಪೊಲೀಸ್ ಠಾಣೆಯ ಭಾಷೆ. ಈಗ ಬರೆಯಬೇಕಾದದ್ದು ‘ಲಾಸ್ಟ್ ಟು ಫಾಲೋಅಪ್’, ಅಂದರೆ ಸಂಪರ್ಕ ತಪ್ಪಿದವರು. ಸಂಪರ್ಕ ಕಳೆದುಕೊಂಡವರಲ್ಲಿ ನಾವೂ ಸೇರುತ್ತೇವೆ. ಕಾಗದದಿಂದ ಅಳಿಸಿದ್ದು ಬಾಯಿಂದ ಇನ್ನೂ ಹೋಗಿಲ್ಲ. ನೀವು ಹೇಳುವ ಘೋಷಣೆ 2019ರ ಅಭಿಯಾನದ್ದು. ಅದು ಜನರನ್ನು ಒಟ್ಟುಗೂಡಿಸಲು ಹುಟ್ಟಿದ್ದು, ಅದನ್ನು ನಾನು ದೂರುವುದಿಲ್ಲ. ಭಯವನ್ನೂ ಪೂರ್ತಿ ಬಿಡಲಾಗದು. ಚಿಕಿತ್ಸೆ ಅರ್ಧಕ್ಕೆ ನಿಂತರೆ ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೂ ಬಗ್ಗದ ಕ್ಷಯ ಬರಬಹುದು. ಅದನ್ನು ಮೆತ್ತಗೆ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಉತ್ತರ: ಗುಣವಾದವನು

ಸರ್, ಭಯ ನಮಗೆ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ವಿವರ. ಮಾತ್ರೆ ಶುರುವಾದಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ರಕ್ತವೇ ಹೋಗುತ್ತಿದೆಯೆಂದು ಅಮ್ಮ ಅತ್ತರು. ರಿಫಾಂಪಿಸಿನ್ ಬಣ್ಣವೇ ಹಾಗೆ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ರೋಗ ಹರಡುವುದು ಗಾಳಿಯಲ್ಲಿ, ನನಗೆ ಬೇರೆಯಾದದ್ದು ತಟ್ಟೆ ಲೋಟ.

ಬಂದವರೆಲ್ಲ ‘ಧೈರ್ಯವಾಗಿ ಹೋರಾಡು’ ಎನ್ನುತ್ತಿದ್ದರು. ಹೋರಾಟ ಎಂದ ಮೇಲೆ ಗುಣವಾಗದವರು ಧೈರ್ಯ ಸಾಲದವರು ಎಂದಾಗುತ್ತದೆ. ನನ್ನ ವಾರ್ಡಿನಲ್ಲಿ ತೀರಿಕೊಂಡವರ ಹೆಂಡತಿಗೆ ಸಂಬಂಧಿಕರು ಹೇಳಿದ್ದೂ ಅದೇ: ‘ಅವನಿಗೆ ಮನೋಬಲ ಇರಲಿಲ್ಲ.’ ಹಾಸಿಗೆ ಹಿಡಿದಾಗ ಅವರ ತೂಕ ಎಷ್ಟಿತ್ತು, ಹೊಟ್ಟೆಗೆ ಏನು ಬೀಳುತ್ತಿತ್ತು ಎಂದು ಒಬ್ಬರೂ ಕೇಳಲಿಲ್ಲ. ಆ ಮಾತು ನನಗೆ ಇಂದಿಗೂ ಸಹಿಸಲಾಗದು.

ಪ್ರಶ್ನೆ ಕೇಳಿದವರು

ಅಣ್ಣಾ, ಮೂತ್ರದ ಬಣ್ಣದ ವಿಷಯವನ್ನು ಇನ್ನು ಮೊದಲ ದಿನವೇ ಮನೆಯವರಿಗೂ ಹೇಳುತ್ತೇನೆ. ಗೋಡೆಗೆ ಇಷ್ಟು ಬರೆಸುತ್ತಿದ್ದೇನೆ: ‘ಎರಡು ವಾರ ಮೀರಿದ ಕೆಮ್ಮೇ? ಕಫ ಪರೀಕ್ಷೆ ಉಚಿತ. ಚಿಕಿತ್ಸೆಯಲ್ಲಿರುವವರಿಗೆ ಊಟಕ್ಕೆಂದು ತಿಂಗಳಿಗೆ 1000 ರೂಪಾಯಿ. ಮಾತ್ರೆ ನಿಂತಿದ್ದರೂ ಬನ್ನಿ, ಯಾರೂ ಬಯ್ಯುವುದಿಲ್ಲ.’ ಕೊನೆಯ ಸಾಲು ಬೇಡ ಎಂದು ಕಾರ್ಯದರ್ಶಿ ಹೇಳಿದರು. ನಾನು ಪಟ್ಟು ಹಿಡಿದಿದ್ದೇನೆ.

ಸರ್, ಆ ಸಾಲು ಸುಳ್ಳಾಗದಂತೆ ಆರೋಗ್ಯ ಕೇಂದ್ರದವರಿಗೂ ಹೇಳಬೇಕಲ್ಲ. ಆಶಾ ಹೇಳಿದರೆ ಕೇಳುವವರು ಕಡಿಮೆ. 2013ರ ಬದಲಾವಣೆಯನ್ನು ನೀವು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ತಿಂಗಳ ಸಭೆಯಲ್ಲಿ ವೈದ್ಯಾಧಿಕಾರಿಗಳ ಮುಂದೆ ಓದುತ್ತೇನೆ.